ಟಿವಿ ಡಬ್ಬದ ಮೇಲಿನ ಮಾತನ್ನು ಎಷ್ಟು ನಂಬಬಹುದು? ಕೊಳ್ಳುವ ಮುಂಚೆ ಒಂದೊಂದಾಗಿ ಪರೀಕ್ಷಿಸುವ ಬಗೆ

ಟಿವಿ ಮಾರುವವರು ಹಸಿ ಸುಳ್ಳು ಹೇಳುವುದು ಕಡಿಮೆ. ಅವರಿಗೆ ಅದರ ಅಗತ್ಯವೇ ಬೀಳುವುದಿಲ್ಲ. ‘ಎಚ್‌ಡಿಆರ್ ಸಪೋರ್ಟ್’ (ಬೆಳಕು-ಕತ್ತಲೆಯ ಅಂತರ ಹೆಚ್ಚಿರುವ ಚಿತ್ರದ ಬಗೆ) ಅಂದರೆ ಸಪೋರ್ಟ್ ಇದ್ದೇ ಇರುತ್ತದೆ, ಅದನ್ನು ತೋರಿಸುವ ತಾಕತ್ತು ಪರದೆಗೆ ಇರುವುದಿಲ್ಲ ಅಷ್ಟೇ. ‘3 ವರ್ಷ ವಾರಂಟಿ’ ಅಂದರೆ ಖಂಡಿತ ಮೂರು ವರ್ಷ, ಆದರೆ ಯಾವ ಭಾಗಕ್ಕೆ ಅನ್ನುವುದು ಸಣ್ಣ ಅಕ್ಷರದಲ್ಲಿ ಇರುತ್ತದೆ. ‘120 ಹರ್ಟ್ಸ್’ (ಸೆಕೆಂಡಿಗೆ 120 ಸಲ ಹೊಸ ಚಿತ್ರ) ಅಂದರೆ 120ರ ಲೆಕ್ಕ ಎಲ್ಲೋ ಒಂದು ಕಡೆ ಸಿಗುತ್ತದೆ, ನೀವು ನೋಡುವ ಚಿತ್ರದಲ್ಲಿ ಮಾತ್ರ ಸಿಗದಿರಬಹುದು. ಹಾಗಾಗಿ ‘ಇದು ಸುಳ್ಳಾ?’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ‘ಇದು ಯಾವುದರ ಅಳತೆ?’ ಅಂತ ಕೇಳಬೇಕು. ಈ ಮಾರ್ಗದರ್ಶಿಯ ಉದ್ದಕ್ಕೂ ನಾವು ಕೇಳುವುದು ಇದೊಂದೇ ಪ್ರಶ್ನೆ.

ಹಂತ 1: ಅಂಗಡಿಗಿಂತ ಮೊದಲು ಮನೆಯಲ್ಲಿ ಟೇಪ್ ಹಿಡಿಯಿರಿ

ಸೋಫಾದಿಂದ ಟಿವಿ ಗೋಡೆಗೆ ಎಷ್ಟು ಅಡಿ? ಬಹಳ ಜನ ಇದನ್ನು ಅಳೆಯದೆಯೇ ಅಂಗಡಿಗೆ ಹೋಗುತ್ತಾರೆ. 4ಕೆ, 8ಕೆ (ಪರದೆಯಲ್ಲಿ ಎಷ್ಟು ಚುಕ್ಕಿಗಳಿವೆ ಅನ್ನುವ ಲೆಕ್ಕ) ಅನ್ನುವ ಮಾತಿಗೆ ನಿಮ್ಮ ಮನೆಯಲ್ಲಿ ಎಷ್ಟು ಬೆಲೆ ಅನ್ನುವುದನ್ನು ತೀರ್ಮಾನಿಸುವುದು ಇದೇ ಅಳತೆ.

ಲೆಕ್ಕ ಹೀಗಿದೆ. ಒಳ್ಳೆಯ ದೃಷ್ಟಿ ಇರುವ ಕಣ್ಣು ಒಂದು ಡಿಗ್ರಿಯ 60ನೇ ಒಂದು ಪಾಲಿನಷ್ಟು ಸಣ್ಣ ವಿವರವನ್ನು ಬಿಡಿಸಿ ಕಾಣುತ್ತದೆ ಎಂದು ಹಿಡಿಯುವುದು ವಾಡಿಕೆ. 43 ಇಂಚಿನ ಪರದೆಯ ಅಗಲ ಸುಮಾರು 95 ಸೆಂ.ಮೀ. ಫುಲ್ ಎಚ್‌ಡಿಯಲ್ಲಿ ಆ ಅಗಲಕ್ಕೆ 1920 ಚುಕ್ಕಿಗಳು, ಅಂದರೆ ಒಂದೊಂದೂ ಸುಮಾರು ಅರ್ಧ ಮಿಲಿಮೀಟರ್. ಅಂಥ ಚುಕ್ಕಿ ಬೇರೆಬೇರೆಯಾಗಿ ಕಾಣಬೇಕಾದರೆ 1.7 ಮೀಟರ್, ಅಂದಾಜು ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. ಅದಕ್ಕಿಂತ ದೂರ ಹೋದರೆ ಫುಲ್ ಎಚ್‌ಡಿಯ ಚುಕ್ಕಿಯೇ ಕಾಣುವುದಿಲ್ಲ, ಇನ್ನು 4ಕೆಯಲ್ಲಿ ಹೆಚ್ಚುವರಿಯಾಗಿ ಕೊಟ್ಟ ಚುಕ್ಕಿಗಳ ಮಾತೆಲ್ಲಿ? 55 ಇಂಚಿಗೆ ಈ ಗಡಿ ಸುಮಾರು 7 ಅಡಿ, 65 ಇಂಚಿಗೆ ಸುಮಾರು ಎಂಟೂವರೆ ಅಡಿ. 8ಕೆ ಕಥೆ ಇನ್ನೂ ತಮಾಷೆಯದು: 65 ಇಂಚಿನಲ್ಲಿ 4ಕೆಗೂ 8ಕೆಗೂ ವ್ಯತ್ಯಾಸ ಕಾಣಬೇಕಾದರೆ ಪರದೆಯಿಂದ ನಾಲ್ಕು ಅಡಿ ಆಸುಪಾಸಿನಲ್ಲಿ ಕೂರಬೇಕು.

ಇದರರ್ಥ 4ಕೆ ಬೇಡ ಅಂತಲ್ಲ. 43 ಇಂಚು ಮತ್ತು ಮೇಲಿನ ಟಿವಿಗಳಲ್ಲಿ ಈಗ 4ಕೆಯೇ ಮಾಮೂಲು, ಒಳ್ಳೆಯ ಪ್ಯಾನೆಲ್‌ಗಳು ಬರುವುದೂ ಅದರಲ್ಲೇ. ‘4ಕೆ ಸರ್!’ ಅಂತ ಹೇಳಿ ಅದಕ್ಕೇ ಬೇರೆ ಬೆಲೆ ಕಟ್ಟಿದರೆ ಒಪ್ಪಬೇಡಿ, ಅಷ್ಟೇ.

ನೀವು ನೋಡುವುದೇನು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಕನ್ನಡದ ಮನರಂಜನಾ ಚಾನೆಲ್‌ಗಳು ಸೆಟ್‌ಟಾಪ್ ಬಾಕ್ಸ್‌ನಲ್ಲಿ ಬರುವುದು ಎಸ್‌ಡಿಯಲ್ಲಿ (ಹಳೆಯ ಮಾಮೂಲಿ ಗುಣಮಟ್ಟ), ಹೆಚ್ಚೆಂದರೆ ಎಚ್‌ಡಿಯಲ್ಲಿ. ಎಸ್‌ಡಿ ಚಿತ್ರದಲ್ಲಿ ಇರುವುದು 720×576 ಚುಕ್ಕಿ. 4ಕೆ ಪರದೆಯಲ್ಲಿ 3840×2160. ಉಳಿದದ್ದನ್ನೆಲ್ಲ ಟಿವಿಯೇ ಊಹಿಸಿ ತುಂಬಬೇಕು. ಕೇಬಲ್ ಎಸ್‌ಡಿ ಚಾನೆಲ್ ಮಾತ್ರ ನೋಡುವ ಮನೆಗೆ 65 ಇಂಚಿನ ಟಿವಿ ತಂದರೆ ಹಳೆಯ 32 ಇಂಚಿನಲ್ಲಿ ಕಾಣದಿದ್ದ ಮಸುಕೆಲ್ಲ ದೊಡ್ಡದಾಗಿ ಎದ್ದು ಕಾಣುತ್ತದೆ. ಓಟಿಟಿಯಲ್ಲೂ 4ಕೆ ಎಲ್ಲ ಪ್ಲ್ಯಾನ್‌ಗೂ ಸಿಗುವುದಿಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ಅದು ದುಬಾರಿ ಪ್ಲ್ಯಾನ್‌ಗೆ ಮಾತ್ರ.

ಇಂಚಿನ ಬಗ್ಗೆಯೂ ಒಂದು ಮಾತು. ಡಬ್ಬದ ಮೇಲೆ ‘108 ಸೆಂ.ಮೀ. (43 ಇಂಚು)’ ಅಂತ ಇರುತ್ತದೆ. 108ನ್ನು 2.54ರಿಂದ ಭಾಗಿಸಿ ನೋಡಿ: 42.5 ಇಂಚು. ‘32 ಇಂಚು’ ಅನ್ನುವ 80 ಸೆಂ.ಮೀ. ಟಿವಿ ನಿಜದಲ್ಲಿ 31.5. ಅರ್ಧ ಇಂಚಿಗೆ ಯಾರೂ ಜಗಳ ಆಡಬೇಕಿಲ್ಲ, ಆದರೆ ಎರಡು ಟಿವಿ ಹೋಲಿಸುವಾಗ ಸೆಂಟಿಮೀಟರ್ ಅಂಕಿಯನ್ನೇ ನೋಡಿ. ಈ ಅಳತೆ ಮೂಲೆಯಿಂದ ಮೂಲೆಗೆ, ಬೆಳಗುವ ಪರದೆಯದ್ದು ಮಾತ್ರ.

ಹಂತ 2: ಪೂರ್ತಿ ಮಾಡೆಲ್ ನಂಬರ್ ಹಿಡಿಯಿರಿ

‘ಅಲ್ಟ್ರಾ ಪ್ರೊ ಮ್ಯಾಕ್ಸ್ ಸೀರೀಸ್’ ಅನ್ನುವುದು ಹೆಸರು ಮಾತ್ರ. ಅದರಿಂದ ಏನೂ ಗೊತ್ತಾಗುವುದಿಲ್ಲ. ಡಬ್ಬದ ಪಕ್ಕದಲ್ಲಿ, ಟಿವಿ ಬೆನ್ನಿನ ಸ್ಟಿಕ್ಕರ್ ಮೇಲೆ ಅಕ್ಷರ-ಅಂಕಿ ಸೇರಿದ ಉದ್ದನೆಯ ಮಾಡೆಲ್ ನಂಬರ್ ಇರುತ್ತದೆ. ಕೊನೆಯ ಅಕ್ಷರದವರೆಗೆ ಫೋಟೊ ತೆಗೆದುಕೊಳ್ಳಿ. ಒಂದೇ ಸೀರೀಸ್‌ನಲ್ಲಿ 55 ಇಂಚಿಗೆ 120 ಹರ್ಟ್ಸ್ ಪ್ಯಾನೆಲ್, 43 ಇಂಚಿಗೆ 60 ಹರ್ಟ್ಸ್ ಪ್ಯಾನೆಲ್ ಇರುವುದು ಸಾಮಾನ್ಯ. ಜಾಹೀರಾತು ಮಾತ್ರ ಎರಡಕ್ಕೂ ಒಂದೇ, ಕೆಳಗೆ ‘ಮಾಡೆಲ್‌ಗೆ ಅನುಗುಣವಾಗಿ ವ್ಯತ್ಯಾಸವಾಗಬಹುದು’ ಅನ್ನುವ ಇರುವೆ ಸಾಲು.

ಆ ನಂಬರ್ ಹಾಕಿ ಕಂಪನಿಯ ಭಾರತದ ವೆಬ್‌ಸೈಟ್‌ನಲ್ಲಿ ಸ್ಪೆಸಿಫಿಕೇಷನ್ ಪುಟ ತೆರೆಯಿರಿ. ಮೇಲಿನ ಚಿತ್ರ-ಘೋಷಣೆ ಬಿಟ್ಟು ಕೆಳಗಿನ ಪಟ್ಟಿಗೆ ಹೋಗಿ. ನೇಟಿವ್ ರಿಫ್ರೆಶ್ ರೇಟ್ (ಪ್ಯಾನೆಲ್‌ನ ನಿಜವಾದ ಹರ್ಟ್ಸ್), ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಬಗೆ, ಪರದೆಯ ಬೆಳಕನ್ನು ಅಳೆಯುವ ನಿಟ್ಸ್ ಅಂಕಿ, ಎಚ್‌ಡಿಎಂಐ ಪೋರ್ಟ್‌ಗಳ ವಿವರ, ರ‍್ಯಾಮ್, ಸ್ಪೀಕರ್ ವ್ಯಾಟ್, ವಾರಂಟಿ: ಇಷ್ಟನ್ನು ಒಂದು ಚೀಟಿಗೆ ಇಳಿಸಿಕೊಳ್ಳಿ. ಯಾವ ಅಂಕಿ ಅಲ್ಲಿ ಇಲ್ಲವೋ ಅದರ ಮುಂದೆ ಪ್ರಶ್ನಾರ್ಥಕ ಹಾಕಿ. ನನ್ನ ನಿಯಮ ಕಠಿಣ: ಹೇಳಿಕೊಳ್ಳುವಂಥ ಅಂಕಿ ಇದ್ದರೆ ಯಾವ ಕಂಪನಿಯೂ ಬಚ್ಚಿಡುವುದಿಲ್ಲ. ನಿಟ್ಸ್ ಬರೆದಿಲ್ಲ ಅಂದರೆ ಕಡಿಮೆ ಇದೆ ಅಂತಲೇ ಲೆಕ್ಕ.

ಹಂತ 3: ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ ಬೇರೆ ಮಾಡಿಕೊಳ್ಳಿ

‘ಎಲ್‌ಇಡಿ ಟಿವಿ’ ಅಂದರೆ ಎಲ್‌ಸಿಡಿ ಟಿವಿಯೇ. ಪರದೆಯ ಹಿಂಬದಿಯಲ್ಲಿ ಟ್ಯೂಬ್ ಲೈಟಿನಂಥ ದೀಪ ಇದ್ದ ಜಾಗಕ್ಕೆ ಎಲ್‌ಇಡಿ ದೀಪ ಬಂತು, ಹೆಸರು ಬದಲಾಯಿತು. ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ 2009ರಲ್ಲೇ ಸ್ಯಾಮ್‌ಸಂಗ್‌ನ ‘ಎಲ್‌ಇಡಿ ಟಿವಿ’ ಜಾಹೀರಾತಿನ ವಿರುದ್ಧದ ದೂರನ್ನು ಎತ್ತಿಹಿಡಿದಿತ್ತು. ಹೆಸರು ಮಾತ್ರ ಉಳಿದುಕೊಂಡಿತು.

ಕ್ಯೂಎಲ್‌ಇಡಿ ಕೂಡ ಎಲ್‌ಸಿಡಿಯೇ. ದೀಪಕ್ಕೂ ಪರದೆಗೂ ನಡುವೆ ಕ್ವಾಂಟಮ್ ಡಾಟ್ ಅನ್ನುವ ಪದರ ಸೇರುತ್ತದೆ, ಅದರಿಂದ ಬಣ್ಣಗಳ ವ್ಯಾಪ್ತಿ ಹೆಚ್ಚುತ್ತದೆ. ಕಪ್ಪು ಹೆಚ್ಚು ಕಪ್ಪಾಗುವುದಕ್ಕೂ ಕತ್ತಲ ದೃಶ್ಯ ಚೆನ್ನಾಗಿ ಕಾಣುವುದಕ್ಕೂ ಆ ಪದರಕ್ಕೂ ಸಂಬಂಧ ಇಲ್ಲ. ಓಎಲ್‌ಇಡಿಯಲ್ಲಿ ಹಿಂದೆ ದೀಪವೇ ಇಲ್ಲ, ಪ್ರತಿ ಚುಕ್ಕಿಯೂ ತಾನೇ ಬೆಳಗಿ ತಾನೇ ಆರುತ್ತದೆ. ಬರವಣಿಗೆಯಲ್ಲಿ ಇವೆರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ, ತಂತ್ರಜ್ಞಾನದಲ್ಲಿ ಅಜಗಜಾಂತರ. ಕಡಿಮೆ ಬೆಲೆಯ ‘ಕ್ಯೂಎಲ್‌ಇಡಿ’ಗಳಲ್ಲಿ ಆ ಪದರ ಎಷ್ಟಿದೆ ಅನ್ನುವುದೂ ವಿವಾದಕ್ಕೆ ಬಂದಿದೆ. ಟಿಸಿಎಲ್‌ನ ಕೆಲವು ಮಾಡೆಲ್‌ಗಳಲ್ಲಿ ಅದರ ಕುರುಹೇ ಕಾಣಲಿಲ್ಲ ಎಂದು ದಕ್ಷಿಣ ಕೊರಿಯಾದ ಹನ್ಸೋಲ್ ಕೆಮಿಕಲ್ 2024ರಲ್ಲಿ ಪರೀಕ್ಷೆಯ ಫಲಿತಾಂಶ ಮುಂದಿಟ್ಟಿತು, ಟಿಸಿಎಲ್ ಅದನ್ನು ಅಲ್ಲಗಳೆಯಿತು. ಹನ್ಸೋಲ್ ಸ್ವತಃ ಈ ಉದ್ಯಮಕ್ಕೆ ಸಾಮಗ್ರಿ ಪೂರೈಸುವ ಕಂಪನಿ ಅನ್ನುವುದನ್ನೂ ನೆನಪಿಡಿ.

ಮಿನಿ ಎಲ್‌ಇಡಿ ಅಂದರೆ ಹಿಂದಿನ ದೀಪಗಳು ಸಣ್ಣವು, ಸಂಖ್ಯೆ ಜಾಸ್ತಿ. ಇಲ್ಲಿ ಕೇಳಬೇಕಾದದ್ದು ಡಿಮ್ಮಿಂಗ್ ಜೋನ್ ಎಷ್ಟು ಅಂತ. ದೀಪಗಳನ್ನು ಎಷ್ಟು ಗುಂಪಾಗಿ ಬೇರೆಬೇರೆ ಆರಿಸಬಹುದು ಅನ್ನುವುದರ ಮೇಲೆ ಕತ್ತಲ ದೃಶ್ಯದ ಗುಣ ನಿಂತಿದೆ. ‘ಮೈಕ್ರೋ ಡಿಮ್ಮಿಂಗ್’, ‘ಯುಎಚ್‌ಡಿ ಡಿಮ್ಮಿಂಗ್’ ಅನ್ನುವ ಹೆಸರುಗಳು ಬಹುಮಟ್ಟಿಗೆ ಸಾಫ್ಟ್‌ವೇರ್ ಕೈಚಳಕ, ದೀಪ ಆರುವುದಿಲ್ಲ. ‘ಕ್ರಿಸ್ಟಲ್’, ‘ನ್ಯಾನೋ’, ‘ಕ್ಯೂನೆಡ್’ ಇತ್ಯಾದಿ ಕಂಪನಿಗಳು ಇಟ್ಟ ಹೆಸರುಗಳು, ಒಳಗಿರುವುದು ಎಲ್‌ಸಿಡಿ.

ಓಎಲ್‌ಇಡಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಬೆಳಗಿನಿಂದ ರಾತ್ರಿವರೆಗೆ ನ್ಯೂಸ್ ಚಾನೆಲ್ ಹಾಕಿಟ್ಟಿರುವ ಮನೆ ನಿಮ್ಮದಾದರೆ, ಮೂಲೆಯ ಲೋಗೊ ಮತ್ತು ಕೆಳಗಿನ ಕೆಂಪು ಪಟ್ಟಿ ಕಾಲಕ್ರಮೇಣ ಪರದೆಯಲ್ಲಿ ಅಚ್ಚೊತ್ತುವ ಅಪಾಯ ಇದೆ. ಇದನ್ನು ಬರ್ನ್-ಇನ್ ಅನ್ನುತ್ತಾರೆ. ಅನೇಕ ವಾರಂಟಿಗಳಲ್ಲಿ ಇದಕ್ಕೆ ರಕ್ಷಣೆ ಇಲ್ಲ. ನಮ್ಮ ನ್ಯೂಸ್ ಚಾನೆಲ್‌ಗಳ ಪರದೆಯಲ್ಲಿ ಅಲುಗಾಡದೆ ನಿಂತಿರುವ ಪಟ್ಟಿಗಳೇ ಅರ್ಧ ಇರುತ್ತವೆ, ಆದ್ದರಿಂದ ಇದು ತೆಗೆದುಹಾಕುವ ಮಾತಲ್ಲ.

ಹಂತ 4: ಹರ್ಟ್ಸ್ ಲೆಕ್ಕ ಬಿಡಿಸಿ

ಅತಿ ಹೆಚ್ಚು ಜನ ಬೇಸ್ತು ಬೀಳುವುದು ಇಲ್ಲೇ. ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ಬರೆಯಬಲ್ಲದು ಅನ್ನುವುದು ರಿಫ್ರೆಶ್ ರೇಟ್. ನಿಜವಾದ ಟಿವಿ ಪ್ಯಾನೆಲ್‌ಗಳು ಹೆಚ್ಚಾಗಿ 60 ಅಥವಾ 120, ಕೆಲವು 144 ಹರ್ಟ್ಸ್. ಡಬ್ಬದ ಮೇಲೆ ಮಾತ್ರ ‘ಮೋಷನ್ ರೇಟ್ 120’, ‘ಎಫೆಕ್ಟಿವ್ 240’ ಅಂತ ಕಾಣುತ್ತದೆ. ಬ್ಯಾಕ್‌ಲೈಟನ್ನು ಮಿನುಗಿಸುವುದು, ಎರಡು ಚಿತ್ರಗಳ ನಡುವೆ ಕಲ್ಪಿತ ಚಿತ್ರ ತುರುಕುವುದು ಇವನ್ನೆಲ್ಲ ಕೂಡಿಸಿ ಮಾಡಿದ ಅಂಕಿ ಅದು. ‘ಮೋಷನ್ ರೇಟ್ 120’ ಅಂದರೆ ಸಾಮಾನ್ಯವಾಗಿ ಒಳಗಿರುವುದು 60 ಹರ್ಟ್ಸ್ ಪ್ಯಾನೆಲ್. ಅಮೆರಿಕದಲ್ಲಿ ವಿಜಿಯೋ ಕಂಪನಿ ‘ಎಫೆಕ್ಟಿವ್ ರಿಫ್ರೆಶ್ ರೇಟ್’ ಅನ್ನುವ ಇಂಥದೇ ಪ್ರಚಾರಕ್ಕಾಗಿ ಕ್ಯಾಲಿಫೋರ್ನಿಯಾದ ಗ್ರಾಹಕರು ಹೂಡಿದ ಮೊಕದ್ದಮೆಯನ್ನು 30 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ.

ಕಡಿಮೆ ಬೆಲೆಯ ಟಿವಿಗಳಲ್ಲಿ ಈಗ ಇನ್ನೊಂದು ಪದ ಓಡಾಡುತ್ತಿದೆ: ‘120 ಹರ್ಟ್ಸ್ ಡಿಎಲ್‌ಜಿ’. ಡ್ಯುಯಲ್ ಲೈನ್ ಗೇಟ್ ಅನ್ನುವುದರ ಚುಟುಕು ರೂಪ. ಪ್ಯಾನೆಲ್ 60 ಹರ್ಟ್ಸ್‌ನದೇ. ಎರಡೆರಡು ಅಡ್ಡ ಸಾಲುಗಳನ್ನು ಒಟ್ಟಿಗೆ ಬರೆದು ವೇಗ ಇಮ್ಮಡಿ ಮಾಡುತ್ತಾರೆ. ವೇಗ ಇಮ್ಮಡಿಯಾದಾಗ ಮೇಲಿನಿಂದ ಕೆಳಗಿನ ವಿವರ ಅರ್ಧಕ್ಕೆ ಇಳಿಯುತ್ತದೆ, 2160 ಸಾಲು ಇರಬೇಕಾದಲ್ಲಿ 1080. ಅಂದರೆ 4ಕೆ ಬೇಕೋ 120 ಬೇಕೋ, ಒಂದನ್ನು ಆರಿಸಿಕೊಳ್ಳಿ ಅಂತ. ಗೇಮ್ ಆಡುವ ಹುಡುಗರಿಗೆ ಇದು ಉಪಯೋಗಕ್ಕೆ ಬರಬಹುದು, ತಪ್ಪೇನಿಲ್ಲ. ಆದರೆ ‘4ಕೆ 120 ಹರ್ಟ್ಸ್’ ಅಂತ ಒಂದೇ ಉಸಿರಿನಲ್ಲಿ ಹೇಳಿದರೆ ತಡೆದು ಕೇಳಿ: ‘ನೇಟಿವ್ ರಿಫ್ರೆಶ್ ರೇಟ್ ಎಷ್ಟು? 4ಕೆಯಲ್ಲಿ ಇರುವಾಗಲೇ 120 ಬರುತ್ತಾ?’

ಅಷ್ಟಕ್ಕೂ ನಿಮಗೆ 120 ಬೇಕೇ? ನಮ್ಮ ಟಿವಿ ಪ್ರಸಾರ 50 ಹರ್ಟ್ಸ್ ವ್ಯವಸ್ಥೆಯದ್ದು, ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಧಾರಾವಾಹಿ, ನ್ಯೂಸ್ ನೋಡುವ ಮನೆಗೆ 60 ಹರ್ಟ್ಸ್ ಧಾರಾಳ. ಪ್ಲೇಸ್ಟೇಷನ್ 5 ಥರದ್ದು ಇದ್ದರೆ 120 ಕೊಟ್ಟ ದುಡ್ಡಿಗೆ ಬೆಲೆ ಬರುತ್ತದೆ. ಸಿನಿಮಾ ಪ್ರಿಯರಿಗೂ ಒಂದು ಲಾಭ ಇದೆ: 24 ಅನ್ನುವುದು 120ಕ್ಕೆ ಸರಿಯಾಗಿ ಐದು ಸಲ ಹೋಗುತ್ತದೆ, 60ಕ್ಕೆ ಎರಡೂವರೆ ಸಲ. ಆ ‘ಅರೆ’ಯಿಂದಲೇ ಕ್ಯಾಮೆರಾ ನಿಧಾನ ತಿರುಗುವಾಗ ಚಿತ್ರ ಸಣ್ಣಗೆ ಜಗ್ಗಿದಂತೆ ಕಾಣುವುದು.

ಕಲ್ಪಿತ ಚಿತ್ರ ತುರುಕುವ ಸೌಲಭ್ಯವನ್ನು ಸೋನಿ ಮೋಷನ್‌ಫ್ಲೋ ಅನ್ನುತ್ತದೆ, ಎಲ್‌ಜಿ ಟ್ರೂಮೋಷನ್ ಅನ್ನುತ್ತದೆ. ಸಿನಿಮಾ ನೋಡುವಾಗ ಆರಿಸಿಬಿಡಿ. ಇಲ್ಲದಿದ್ದರೆ ಕೋಟಿ ಖರ್ಚು ಮಾಡಿ ತೆಗೆದ ಚಿತ್ರವೂ ಮಧ್ಯಾಹ್ನದ ಧಾರಾವಾಹಿಯಂತೆ ಕಾಣುತ್ತದೆ.

ಹಂತ 5: ಎಚ್‌ಡಿಆರ್, ನಿಟ್ಸ್, ಕಾಂಟ್ರಾಸ್ಟ್, ‘ನೂರು ಕೋಟಿ ಬಣ್ಣ’

ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1000 ನಿಟ್ಸ್ ಅಥವಾ ಅದಕ್ಕೂ ಹೆಚ್ಚಿನ ಬೆಳಕಿನ ಮಟ್ಟಕ್ಕೆ ಸಿದ್ಧಪಡಿಸುತ್ತಾರೆ. ಕಡಿಮೆ ಬೆಲೆಯ 4ಕೆ ಟಿವಿಗಳ ಬೆಳಕು 200ರಿಂದ 300 ನಿಟ್ಸ್ ಆಸುಪಾಸು. ಅದೂ ‘ಎಚ್‌ಡಿಆರ್10 ಸಪೋರ್ಟ್’ ಅಂತ ಹಾಕಿಕೊಳ್ಳುತ್ತದೆ, ಯಾಕೆಂದರೆ ಸಂಕೇತವನ್ನು ಓದಲು ಅದಕ್ಕೆ ಬರುತ್ತದೆ. ಓದಿದ್ದನ್ನು ತೋರಿಸಲು ಬೆಳಕಿಲ್ಲದ್ದರಿಂದ ಚಿತ್ರವನ್ನು ಅದುಮಿ ಕೂರಿಸುತ್ತದೆ. ಎಷ್ಟೋ ಸಲ ಎಚ್‌ಡಿಆರ್ ಚಿತ್ರ ಮಾಮೂಲಿ ಚಿತ್ರಕ್ಕಿಂತ ಮಂಕಾಗಿ ಕಾಣುತ್ತದೆ. ಎಚ್‌ಡಿಆರ್‌ನ ಇನ್ನೊಂದು ಬಗೆಯಾದ ಡಾಲ್ಬಿ ವಿಷನ್‌ನ ಲೋಗೊ ಇದ್ದ ಮಾತ್ರಕ್ಕೆ 250 ನಿಟ್ಸ್ ಪರದೆ 800 ಆಗುವುದಿಲ್ಲ. ಎಚ್‌ಡಿಆರ್‌ಗಾಗಿಯೇ ದುಡ್ಡು ಕೊಡುತ್ತಿದ್ದರೆ 600 ನಿಟ್ಸ್‌ಗಿಂತ ಕೆಳಗಿನದಕ್ಕೆ ನಾನಂತೂ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ.

‘ಪೀಕ್’ ನಿಟ್ಸ್ ಅನ್ನುವ ಮಾತಿಗೂ ಷರತ್ತಿದೆ. ಇಡೀ ಪರದೆಯಲ್ಲ, ಹತ್ತನೇ ಒಂದು ಭಾಗದಷ್ಟು ಬಿಳಿ ಚೌಕ ತೋರಿಸಿ, ಅದೂ ಕೆಲವೇ ಕ್ಷಣ, ಅಳೆಯುವ ಅಂಕಿ ಅದು. 2022ರಲ್ಲಿ ಫ್ಲಾಟ್‌ಪ್ಯಾನೆಲ್ಸ್‌ಎಚ್‌ಡಿ ಎಂಬ ವಿಮರ್ಶಾ ತಾಣ ಸ್ಯಾಮ್‌ಸಂಗ್‌ನ ದುಬಾರಿ ಮಾಡೆಲ್‌ಗಳಲ್ಲಿ ಒಂದು ಸಂಗತಿ ಪತ್ತೆ ಹಚ್ಚಿತು: ವಿಮರ್ಶಕರು ಬಳಸುವ 10 ಶೇಕಡಾ ಚೌಕ ಬಂದಾಗ ಟಿವಿಯ ನಡವಳಿಕೆ ಒಂದು ಬಗೆ, ಅದನ್ನು 9 ಶೇಕಡಾಕ್ಕೆ ಇಳಿಸಿದರೆ ಇನ್ನೊಂದು ಬಗೆ. ಸ್ಯಾಮ್‌ಸಂಗ್ ಆಮೇಲೆ ಸಾಫ್ಟ್‌ವೇರ್ ಬದಲಿಸುವುದಾಗಿ ಹೇಳಿತು. ಲಕ್ಷ ದಾಟಿದ ಟಿವಿಗಳ ಕಥೆಯೇ ಹೀಗಿದ್ದರೆ ಪೀಕ್ ಅಂಕಿಗೆ ಎಷ್ಟು ಮರ್ಯಾದೆ ಕೊಡಬೇಕು ಅನ್ನುವುದನ್ನು ನೀವೇ ಲೆಕ್ಕ ಹಾಕಿ.

‘10,00,000:1 ಡೈನಮಿಕ್ ಕಾಂಟ್ರಾಸ್ಟ್’ ಅನ್ನುವುದನ್ನು ಪೂರ್ತಿ ಮರೆತುಬಿಡಿ. ದೀಪ ಪೂರ್ತಿ ಉರಿಸಿ ಬಿಳಿ ಅಳೆದು, ದೀಪ ಕುಗ್ಗಿಸಿ ಕಪ್ಪು ಅಳೆದು, ಎರಡನ್ನೂ ಭಾಗಿಸಿದರೆ ಬೇಕಾದ ಸಂಖ್ಯೆ ಬರುತ್ತದೆ. ಒಂದೇ ದೃಶ್ಯದಲ್ಲಿ ಸಿಗುವುದು ನೇಟಿವ್ ಕಾಂಟ್ರಾಸ್ಟ್. ಎಲ್‌ಸಿಡಿ ಪ್ಯಾನೆಲ್‌ನಲ್ಲಿ ಐಪಿಎಸ್, ವಿಎ ಅಂತ ಎರಡು ಬಗೆ: ಐಪಿಎಸ್ ಪ್ಯಾನೆಲ್‌ನಲ್ಲಿ ಸುಮಾರು 1000:1, ವಿಎ ಪ್ಯಾನೆಲ್‌ನಲ್ಲಿ 3000:1ರಿಂದ ಮೇಲೆ. ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡುವವರಿಗೆ ವಿಎ. ಅಡುಗೆಮನೆಯಿಂದ, ಊಟದ ಮೇಜಿನಿಂದ ಓರೆಯಾಗಿ ನೋಡುವ ಮನೆಗೆ ಐಪಿಎಸ್. ಅಂಗಡಿಯಲ್ಲಿ ಇದನ್ನು ಹೇಳುವವರು ಕಡಿಮೆ, ಕೇಳಿ ತಿಳಿಯಬೇಕು.

107 ಕೋಟಿ ಬಣ್ಣ ಅಂದರೆ 10 ಬಿಟ್ ಸಂಕೇತ. 8 ಬಿಟ್‌ಗೆ ಒಂದು ಕೋಟಿ 67 ಲಕ್ಷ. 8 ಬಿಟ್ ಪ್ಯಾನೆಲ್‌ನಲ್ಲೇ ಅಕ್ಕಪಕ್ಕದ ಎರಡು ಛಾಯೆಗಳನ್ನು ವೇಗವಾಗಿ ಅದಲುಬದಲು ಮಾಡಿ ಮಧ್ಯದ ಛಾಯೆಯ ಭ್ರಮೆ ಹುಟ್ಟಿಸುವ ಎಫ್‌ಆರ್‌ಸಿ ವಿಧಾನವಿದೆ. ಅದಕ್ಕೂ 107 ಕೋಟಿ ಅಂತಲೇ ಬರೆಯುತ್ತಾರೆ. ಮನೆಯಲ್ಲಿ ಗೊತ್ತಾಗುವಷ್ಟು ವ್ಯತ್ಯಾಸ ಆಗುವುದು ಅಪರೂಪ. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಹಂತ 6: ಉಳಿದ ಘೋಷಣೆಗಳು, ಚುಟುಕಾಗಿ

ಡಾಲ್ಬಿ ಅಟ್ಮಾಸ್: ಶಬ್ದ ತಲೆಯ ಮೇಲಿನಿಂದಲೂ ಬಂದಂತೆ ಮಾಡುವ ವ್ಯವಸ್ಥೆ. ಕೆಳಮುಖವಾಗಿ ಕೂರಿಸಿದ 10 ವ್ಯಾಟ್‌ನ ಎರಡು ಸ್ಪೀಕರ್ ಅದನ್ನು ಓದಬಲ್ಲವು, ಕೇಳಿಸಲಾರವು. ಟಿವಿಗೆ ಅದಕ್ಕಾಗಿ ಹೆಚ್ಚು ಕೊಡುವ ಬದಲು ಆ ದುಡ್ಡನ್ನು ಸೌಂಡ್‌ಬಾರ್‌ಗೆ ಇಟ್ಟುಕೊಳ್ಳಿ. ವ್ಯಾಟ್ ನೋಡುವಾಗ ಆರ್‌ಎಂಎಸ್ (ಸ್ಪೀಕರ್ ಸತತವಾಗಿ ಕೊಡಬಲ್ಲ ಶಕ್ತಿ) ಅಂಕಿ ನೋಡಿ.

178 ಡಿಗ್ರಿ ವೀಕ್ಷಣಾ ಕೋನ: ಕಾಂಟ್ರಾಸ್ಟ್ 10:1ಕ್ಕೆ ಕುಸಿಯುವವರೆಗೂ ‘ಕಾಣುತ್ತದೆ’ ಎಂದು ಲೆಕ್ಕ ಹಿಡಿಯುವ ಅಳತೆ ಇದು. ಆದ್ದರಿಂದ ಹೆಚ್ಚುಕಡಿಮೆ ಎಲ್ಲ ಟಿವಿಗೂ 178.

‘ಎ ಪ್ಲಸ್ ಗ್ರೇಡ್ ಪ್ಯಾನೆಲ್’: ಕೊಳ್ಳುವವನು ಪರೀಕ್ಷಿಸಬಲ್ಲ ಯಾವ ಸಾರ್ವಜನಿಕ ಮಾನದಂಡವೂ ಇದರ ಹಿಂದಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಹೆಸರಿಲ್ಲದ ಟಿವಿ ತೋರಿಸಿ ‘ಒಳಗೆ ದೊಡ್ಡ ಕಂಪನಿಯ ಪ್ಯಾನೆಲ್ ಇದೆ’ ಅಂದರೂ ಅಷ್ಟೇ, ತೆರೆದು ನೋಡುವವರಾರು?

ಎಐ: ಸಣ್ಣ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸುವ ಕೆಲಸ ಪ್ರತಿ 4ಕೆ ಟಿವಿಯೂ ಮಾಡಲೇಬೇಕು, ಇಲ್ಲದಿದ್ದರೆ ಚಿತ್ರ ಮೂಲೆಯಲ್ಲಿ ಅಂಗೈಯಷ್ಟು ಕಾಣುತ್ತಿತ್ತು. ಅದನ್ನು ಚೆನ್ನಾಗಿ ಮಾಡುವ ಚಿಪ್‌ಗಳು ಇವೆ, ನಿಜ. ಹೆಸರಿನಿಂದ ಅದು ತಿಳಿಯುವುದಿಲ್ಲ, ನಿಮ್ಮ ಚಾನೆಲ್ ಹಾಕಿ ನೋಡಿದರೆ ತಿಳಿಯುತ್ತದೆ.

ಎಚ್‌ಡಿಎಂಐ 2.1: ಈ ಹೆಸರಿನ ಅಡಿಯಲ್ಲಿ ಬರುವ ಹೊಸ ಸೌಲಭ್ಯಗಳೆಲ್ಲ ಐಚ್ಛಿಕ ಎಂದು 2021ರಲ್ಲಿ ಅದರ ಪರವಾನಗಿ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಅಂದರೆ 4ಕೆ 120 ಹರ್ಟ್ಸ್ ಬಾರದ ಪೋರ್ಟಿಗೂ ‘2.1’ ಅಂತ ಬರೆಯಬಹುದು. ‘ವಿಆರ್‌ಆರ್ ಇದೆಯಾ, 4ಕೆ 120 ಯಾವ ಪೋರ್ಟಿನಲ್ಲಿ, ಇಎಆರ್‌ಸಿ ಇದೆಯಾ’ ಅಂತ ಬಿಡಿಬಿಡಿಯಾಗಿ ಕೇಳಿ. ವಿಆರ್‌ಆರ್ ಅಂದರೆ ಗೇಮ್‌ನ ವೇಗಕ್ಕೆ ಪರದೆಯನ್ನು ಹೊಂದಿಸುವುದು, ಇಎಆರ್‌ಸಿ ಅಂದರೆ ಟಿವಿಯ ಶಬ್ದವನ್ನು ಸೌಂಡ್‌ಬಾರ್‌ಗೆ ಕಳಿಸುವುದು.

ಸ್ಮಾರ್ಟ್: ‘ಆಂಡ್ರಾಯ್ಡ್’ ಅಂದ ಮಾತ್ರಕ್ಕೆ ಗೂಗಲ್‌ನ ಪ್ರಮಾಣೀಕೃತ ಗೂಗಲ್ ಟಿವಿ ಆಗಬೇಕಿಲ್ಲ. ಪ್ರಮಾಣೀಕರಣ ಇಲ್ಲದ ಟಿವಿಯಲ್ಲಿ ನೆಟ್‌ಫ್ಲಿಕ್ಸ್ ಬಾರದಿರಬಹುದು, ಬಂದರೂ ಮಸುಕಾಗಿ ಬರಬಹುದು. ಅಂಗಡಿಯಲ್ಲೇ ಪ್ಲೇಸ್ಟೋರ್ ತೆರೆದು ನೋಡಿ. ರ‍್ಯಾಮ್ 1 ಜಿಬಿ ಇದ್ದರೆ ಎರಡು ವರ್ಷದಲ್ಲಿ ತೆವಳಲು ಶುರು ಮಾಡುತ್ತದೆ. ಚಿತ್ರ ಚೆನ್ನಾಗಿದ್ದರೆ ಆಮೇಲೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದರಾಯಿತು. ಚಿತ್ರ ಕೆಟ್ಟದಿದ್ದರೆ ಹಾಗೆ ಸಿಕ್ಕಿಸುವಂಥದ್ದು ಏನೂ ಇಲ್ಲ.

ಹಂತ 7: ಶೋರೂಮಿನಲ್ಲಿ ರಿಮೋಟ್ ಕೇಳಿ ಪಡೆಯಿರಿ

ಒಳಗೆ ಹೋದ ತಕ್ಷಣ ಮಾತಾಡಿಸುವವರ ಟೀ ಶರ್ಟ್ ನೋಡಿ. ದೊಡ್ಡ ಅಂಗಡಿಗಳಲ್ಲಿ ಹಲವರು ಅಂಗಡಿಯವರಲ್ಲ, ಒಂದೊಂದು ಬ್ರ್ಯಾಂಡ್ ನಿಲ್ಲಿಸಿರುವ ಪ್ರಮೋಟರ್‌ಗಳು. ಅವರ ಸಲಹೆ ಎತ್ತ ವಾಲುತ್ತದೆ ಅನ್ನುವುದು ಬಟ್ಟೆಯ ಮೇಲೇ ಬರೆದಿರುತ್ತದೆ.

ಅಲ್ಲಿನ ಟಿವಿಗಳು ‘ಸ್ಟೋರ್ ಮೋಡ್’ನಲ್ಲಿ ಇರುತ್ತವೆ: ಬೆಳಕು ಗರಿಷ್ಠ, ಬಣ್ಣ ಗಾಢ. ಓಡುತ್ತಿರುವುದು ಕಂಪನಿಯೇ ಕೊಟ್ಟ ಡೆಮೊ: ನಿಧಾನ ಅರಳುವ ಹೂವು, ಗಿಳಿ, ಜೇನುತುಪ್ಪ. ಕಪ್ಪು ಹಿನ್ನೆಲೆಯಲ್ಲಿ ಗಾಢ ಬಣ್ಣ ಇಟ್ಟರೆ ಯಾವ ಟಿವಿಯೂ ಚೆನ್ನಾಗಿಯೇ ಕಾಣುತ್ತದೆ.

‘ಸರ್, ಕಲರ್ ನೋಡಿ ಹೆಂಗಿದೆ, ಕಣ್ಣಿಗೆ ಹೊಡೀತದೆ!’

‘ಹೌದ್ರೀ, ಚೆನ್ನಾಗಿದೆ. ಸ್ವಲ್ಪ ರಿಮೋಟ್ ಕೊಡಿ, ಸಿನಿಮಾ ಮೋಡ್‌ಗೆ ಹಾಕಿ ನೋಡ್ತೀನಿ.’

ಇಷ್ಟು ಹೇಳಿದರೆ ಸಾಕು, ಮಾತಿನ ಧಾಟಿ ಬದಲಾಗುತ್ತದೆ. ಪಿಕ್ಚರ್ ಮೋಡನ್ನು ಸ್ಟ್ಯಾಂಡರ್ಡ್, ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ತನ್ನಿ. ಮೊದಲ ನೋಟಕ್ಕೆ ಹಳದಿ ಅನಿಸುತ್ತದೆ. ಎರಡು ನಿಮಿಷ ಕಣ್ಣು ಹೊಂದಿಕೊಳ್ಳಲಿ. ಸ್ಟೋರ್ ಮೋಡ್ ಕೆಲವು ನಿಮಿಷದಲ್ಲಿ ತಾನೇ ಹಳೆಯ ಸೆಟ್ಟಿಂಗ್‌ಗೆ ಮರಳಬಹುದು, ಗಮನವಿರಲಿ. ಪಕ್ಕಪಕ್ಕದ ಎರಡು ಟಿವಿ ಹೋಲಿಸುವಾಗ ಎರಡೂ ಒಂದೇ ಬಗೆಯ ಮೋಡ್‌ನಲ್ಲಿ ಇವೆಯೇ ಅಂತ ನೋಡದೆ ತೀರ್ಪು ಕೊಡಬೇಡಿ.

ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ವಿಡಿಯೊ ಒಯ್ಯಿರಿ. ಮನೆಯ ಮದುವೆಯ ವಿಡಿಯೊ ಅತ್ಯುತ್ತಮ: ಆ ಮುಖಗಳ ನಿಜವಾದ ಬಣ್ಣ ನಿಮಗೆ ಗೊತ್ತು, ಚಿಕ್ಕಪ್ಪನ ಮುಖ ಟೊಮೆಟೊ ಥರ ಕಂಡರೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಂದು, ರಾತ್ರಿ ತೆಗೆದ ಕತ್ತಲ ದೃಶ್ಯ. ಮೂರನೆಯದು, ಪೂರ್ತಿ ಬೂದು ಬಣ್ಣದ ಒಂದು ಚಿತ್ರ. ಅದರಲ್ಲಿ ಮೂಲೆಗಳ ಮಸುಕು, ಉದ್ದುದ್ದ ನೆರಳಿನ ಪಟ್ಟೆ ಇದ್ದರೆ ಕಾಣುತ್ತದೆ. ಹಾಕಿಟ್ಟು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ. ಅಂಗಡಿಯವರಿಗೆ ಎಚ್‌ಡಿ ಅಲ್ಲದ ಮಾಮೂಲಿ ಚಾನೆಲ್ ಹಾಕಲೂ ಹೇಳಿ. ‘ಕನೆಕ್ಷನ್ ಇಲ್ಲ ಸರ್’ ಅಂದರೆ ಯೂಟ್ಯೂಬ್‌ನಲ್ಲಿ ಕಡಿಮೆ ಗುಣಮಟ್ಟದ ಹಳೆಯ ಹಾಡೊಂದನ್ನು ಹಾಕಿಸಿ.

ಹಂತ 8: ಬೆಲೆ, ಇಎಂಐ, ಎಕ್ಸ್‌ಚೇಂಜ್

‘ಶೇ. 60 ರಿಯಾಯಿತಿ’ ಅಂದರೆ ಎಂಆರ್‌ಪಿ ಮೇಲೆ. ಆ ಎಂಆರ್‌ಪಿಗೆ ಟಿವಿ ಯಾವತ್ತಾದರೂ ಮಾರಾಟ ಆಗಿತ್ತೇ? ಹಬ್ಬಕ್ಕೆ ಒಂದು ತಿಂಗಳು ಮುಂಚಿನಿಂದ ಬೆಲೆಯನ್ನು ಬರೆದಿಟ್ಟುಕೊಂಡು ಬಂದರೆ ದಸರಾ, ದೀಪಾವಳಿ ಆಫರ್‌ನ ನಿಜ ಬಣ್ಣ ಗೊತ್ತಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. 32 ಇಂಚು ಮತ್ತು ಅದಕ್ಕಿಂತ ಸಣ್ಣವಕ್ಕೆ ಮೊದಲೇ 18 ಇತ್ತು. 32 ಇಂಚಿನ ಟಿವಿಗೆ ‘ಜಿಎಸ್‌ಟಿ ಕಡಿತದ ಆಫರ್’ ಅಂದರೆ ನಗಬಹುದು.

‘ನೋ ಕಾಸ್ಟ್ ಇಎಂಐ’ ಬಿಡಿಸಿ ನೋಡೋಣ. 36,000 ರೂಪಾಯಿ, 9 ಕಂತು, ತಿಂಗಳಿಗೆ 4,000. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ. 15 ಅಂತಿಟ್ಟುಕೊಳ್ಳಿ. ಹಾಗಾದರೆ ಸಾಲದ ಅಸಲು ಸುಮಾರು 33,850, ಬಡ್ಡಿ ಸುಮಾರು 2,150. ಆ 2,150ನ್ನು ಮಾರುವವರು ‘ರಿಯಾಯಿತಿ’ ಅಂತ ಮೊದಲೇ ಕಳೆದಿರುತ್ತಾರೆ. ಕ್ರೆಡಿಟ್ ಕಾರ್ಡ್ ಇಎಂಐ ಆದರೆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಸುಮಾರು 387 ರೂಪಾಯಿ ನಿಮ್ಮ ತಲೆಗೆ. ಪ್ರೊಸೆಸಿಂಗ್ ಶುಲ್ಕ 199 ಇದ್ದರೆ ಅದಕ್ಕೂ ಜಿಎಸ್‌ಟಿ ಸೇರಿ 235. ಅಲ್ಲಿಗೆ 600 ದಾಟಿತು. ಪೂರ್ತಿ ದುಡ್ಡು ಕೊಟ್ಟರೆ ಸಿಗುತ್ತಿದ್ದ ಕಾರ್ಡ್ ರಿಯಾಯಿತಿ ತಪ್ಪಿದರೆ ಅದು ಬೇರೆ ನಷ್ಟ. ಶೂನ್ಯ ಬಡ್ಡಿ ಯೋಜನೆಗಳಲ್ಲಿ ಬಡ್ಡಿಯನ್ನು ಮರೆಮಾಚಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಕಂತಿನಲ್ಲಿ ಕೊಳ್ಳುವುದು ತಪ್ಪಲ್ಲ, ‘ಇದಕ್ಕೆ ಖರ್ಚಿಲ್ಲ’ ಅಂತ ನಂಬುವುದು ತಪ್ಪು.

ಎಕ್ಸ್‌ಚೇಂಜ್‌ನಲ್ಲಿ ‘8,000ವರೆಗೆ’ ಅಂದಾಗ ‘ವರೆಗೆ’ಯನ್ನೇ ಓದಿ. ಆನ್‌ಲೈನ್‌ನಲ್ಲಿ ‘ಇನ್ನೊಂದೇ ಉಳಿದಿದೆ’ ಅಂತ ಸುಳ್ಳು ಅವಸರ ಹುಟ್ಟಿಸುವುದನ್ನು, ಕೇಳದೆ ಬುಟ್ಟಿಗೆ ಇನ್ಶೂರೆನ್ಸ್ ಸೇರಿಸುವುದನ್ನು 2023ರ ನವೆಂಬರ್ 30ರ ಕೇಂದ್ರ ಸರ್ಕಾರದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ನಿಷೇಧಿಸಿದೆ. ನಿಷೇಧ ಇದ್ದರೂ ಕಂಡೇ ಕಾಣುತ್ತದೆ, ಸ್ಕ್ರೀನ್‌ಶಾಟ್ ತೆಗೆದಿಡಿ.

ಹಂತ 9: ಹೆಸರು ಯಾರದ್ದು, ವಾರಂಟಿ ಯಾರದ್ದು

ಹಳೆಯ ಪರಿಚಿತ ಹೆಸರು ಕಂಡರೆ ಮನಸ್ಸು ಕರಗುತ್ತದೆ. ಆದರೆ ಭಾರತದಲ್ಲಿ ಕೊಡ್ಯಾಕ್, ಥಾಮ್ಸನ್, ಬ್ಲೌಪಂಕ್ಟ್ ಟಿವಿಗಳನ್ನು ಲೈಸೆನ್ಸ್ ಮೇಲೆ ತಯಾರಿಸಿ ಮಾರುತ್ತಾ ಬಂದಿರುವುದು ಸೂಪರ್ ಪ್ಲಾಸ್ಟ್ರಾನಿಕ್ಸ್ ಎಂಬ ಒಂದೇ ಕಂಪನಿ. ತೊಷಿಬಾದ ಟಿವಿ ವ್ಯವಹಾರ 2018ರಿಂದ ಚೀನಾದ ಹೈಸೆನ್ಸ್ ಕೈಯಲ್ಲಿದೆ. ಬೆಂಗಳೂರಿನ ಬಿಪಿಎಲ್ ಹೆಸರಿನ ಟಿವಿಗಳೂ ರಿಲಯನ್ಸ್ ರಿಟೇಲ್‌ಗೆ ಕೊಟ್ಟ ಲೈಸೆನ್ಸ್ ಮೇಲೆ ಬಂದಿವೆ. ಇವು ಕೆಟ್ಟ ಟಿವಿಗಳು ಎಂದು ನಾನು ಹೇಳುತ್ತಿಲ್ಲ. ಬ್ಯಾಡ್ಜ್‌ನ ಇತಿಹಾಸಕ್ಕೆ ದುಡ್ಡು ಕೊಡಬೇಡಿ, ಡಬ್ಬದ ಮೇಲೆ ‘ತಯಾರಕರು’ ಅನ್ನುವ ಸಾಲು ಓದಿ, ನಿಮ್ಮ ಊರಿನ ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಕೇಳಿ. ಹುಬ್ಬಳ್ಳಿಯಲ್ಲಿ ಕೊಂಡ ಟಿವಿಗೆ ಬೆಂಗಳೂರಿನಿಂದ ಮೆಕ್ಯಾನಿಕ್ ಬರಬೇಕು ಅಂದರೆ ವಾರಂಟಿ ಎಷ್ಟು ವರ್ಷವಾದರೂ ಒಂದೇ.

ವಾರಂಟಿ ಕಾರ್ಡ್‌ನಲ್ಲಿ ಮೂರು ಸಾಲು ಹುಡುಕಿ: ಪ್ಯಾನೆಲ್‌ಗೆ ಎಷ್ಟು, ಉಳಿದ ಭಾಗಕ್ಕೆ ಎಷ್ಟು, ಯಾವುದಕ್ಕೆ ಇಲ್ಲ. ಪ್ಯಾನೆಲ್ ಹೋದರೆ ಬದಲಿಸುವ ಖರ್ಚು ಹೆಚ್ಚುಕಡಿಮೆ ಹೊಸ ಟಿವಿಯ ಬೆಲೆಗೇ ಹತ್ತಿರ ಬರುತ್ತದೆ, ಆದ್ದರಿಂದ ಮೊದಲ ಸಾಲೇ ಮುಖ್ಯ. ‘ಹೆಚ್ಚುವರಿ ಒಂದು ವರ್ಷ’ ಸಿಗಲು ಇಂತಿಷ್ಟು ದಿನದೊಳಗೆ ನೋಂದಣಿ ಮಾಡಬೇಕು ಅನ್ನುವ ಷರತ್ತು ಇದ್ದರೆ ಅಂದೇ ಮಾಡಿಬಿಡಿ. ಗೋಡೆಗೆ ಹಾಕುವ ಸ್ಟ್ಯಾಂಡ್ ಡಬ್ಬದಲ್ಲಿದೆಯೇ, ‘ಫ್ರೀ ಇನ್‌ಸ್ಟಾಲೇಷನ್’ನಲ್ಲಿ ಅದು ಸೇರಿದೆಯೇ ಅನ್ನುವುದನ್ನು ಬಿಲ್ ಹಾಕಿಸುವ ಮುಂಚೆ ಕೇಳಿ.

ಹಂತ 10: ಟಿವಿ ಮನೆಗೆ ಬಂದ ದಿನ, ಮತ್ತು ಮಾತು ತಪ್ಪಿದರೆ

ಡಬ್ಬ ಬಿಚ್ಚುವುದನ್ನು ಸೀಲ್‌ನಿಂದಲೇ ವಿಡಿಯೊ ಮಾಡಿ. ಡಬ್ಬ, ಟಿವಿ ಬೆನ್ನು, ಬಿಲ್, ಮೂರರಲ್ಲೂ ಮಾಡೆಲ್ ಮತ್ತು ಸೀರಿಯಲ್ ನಂಬರ್ ಒಂದೇ ಇರಬೇಕು. ಬೆನ್ನಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರು ಯಾರೆಂದು ಬರುತ್ತದೆ. ಬರದಿದ್ದರೆ ಆ ಟಿವಿಯನ್ನು ಇನ್‌ಸ್ಟಾಲ್ ಮಾಡಿಸಬೇಡಿ. ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಚಿತ್ರಗಳನ್ನು ಒಂದೊಂದಾಗಿ ಪೂರ್ತಿ ಪರದೆಗೆ ಹಾಕಿ ಸತ್ತ ಚುಕ್ಕಿ ಇದೆಯೇ ನೋಡಿ. ವಾಪಸಾತಿಯ ಗಡುವು ಮುಗಿಯುವ ಮುಂಚೆ ಒಂದು ಪೂರ್ತಿ ಸಿನಿಮಾ, ಒಂದು ಕ್ರಿಕೆಟ್ ಪಂದ್ಯ ಓಡಿಸಿ.

ಹೇಳಿದ್ದೊಂದು ಬಂದದ್ದೊಂದು ಆದರೆ ಕಾನೂನು ನಿಮ್ಮ ಕಡೆ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ಸ್ಪಷ್ಟ ವ್ಯಾಖ್ಯಾನವಿದೆ. ಅಂಥ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 2022ರ ಮಾರ್ಗಸೂಚಿಯ ಪ್ರಕಾರ ಷರತ್ತಿನ ಸಾಲು ಮುಖ್ಯ ಘೋಷಣೆಯ ಭಾಷೆಯಲ್ಲೇ, ಅದೇ ಅಕ್ಷರ ಶೈಲಿಯಲ್ಲೇ ಇರಬೇಕು, ಘೋಷಣೆಯನ್ನೇ ಅಲ್ಲಗಳೆಯುವಂತಿರಬಾರದು. ಕನ್ನಡದಲ್ಲಿ ಘೋಷಣೆ, ಇಂಗ್ಲಿಷಿನಲ್ಲಿ ಷರತ್ತು ಹಾಕಿದ ಜಾಹೀರಾತು ಸಿಕ್ಕರೆ ಕತ್ತರಿಸಿ ಇಟ್ಟುಕೊಳ್ಳಿ.

ಮೊದಲು ಕಂಪನಿಗೆ ಇಮೇಲ್, ಫೋನ್ ಮಾತಿಗೆ ದಾಖಲೆ ಇರುವುದಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅನೇಕ ದೂರುಗಳು ಅಲ್ಲೇ ಇತ್ಯರ್ಥವಾಗುತ್ತವೆ. ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತೊಂದರೆ ಎದುರಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಜೊತೆಗೆ ಬಿಲ್, ಜಾಹೀರಾತಿನ ಚಿತ್ರ, ಸ್ಪೆಸಿಫಿಕೇಷನ್ ಪುಟದ ಸ್ಕ್ರೀನ್‌ಶಾಟ್, ಇಮೇಲ್‌ಗಳು ಇರಲಿ. ಆ ಸ್ಕ್ರೀನ್‌ಶಾಟನ್ನು ಕೊಳ್ಳುವ ದಿನವೇ ದಿನಾಂಕ ಕಾಣುವಂತೆ ತೆಗೆದಿಡಿ, ಕಂಪನಿಗಳು ಆ ಪುಟಗಳನ್ನು ಸದ್ದಿಲ್ಲದೆ ತಿದ್ದುತ್ತಲೇ ಇರುತ್ತವೆ.